ಆಡಿಟ್ ಮೌಸಿ ಮತ್ತು ಬಾಕಿ ಇಲ್ಲದ ಪುಸ್ತಕ

ಅವರನ್ನು ಮೊದಲ ಸಲ ನೋಡಿದ್ದು ನಮ್ಮ ಮನೆಯ ಬಾಗಿಲಲ್ಲಿ, ಜೋರು ಮಳೆಯಲ್ಲಿ. ಕೈಯಲ್ಲಿ ಗಂಡಸರ ಕಪ್ಪು ಕೊಡೆ ಇತ್ತು.

ಹೀಗೆಂದು ಬರೆದು ತಮ್ಮನಿಗೆ ಓದಿ ಹೇಳಿದೆ. "ಮಳೆ ಎಲ್ಲಿತ್ತು ಅಣ್ಣಾ? ಮೇ ತಿಂಗಳು. ಲೂ ಹೊಡೀತಿತ್ತು. ಕೊಡೆ ಬಿಸಿಲಿಗೆ," ಎಂದ. ಲೂ ಎಂದರೆ ಇಲ್ಲಿ ಕಾಶಿಯ ಬೇಸಿಗೆಯ ಬಿಸಿಗಾಳಿ. ಅವನ ಮಾತೇ ಸರಿಯಿರಬೇಕು. ಮಳೆಯನ್ನು ನಾನು ಯಾವಾಗ ಸೇರಿಸಿಕೊಂಡೆನೋ ಗೊತ್ತಿಲ್ಲ. ಕೊಡೆಯ ಜೊತೆಗೆ ತಾನಾಗಿಯೇ ಬಂದಿರಬಹುದು. ಹಾಳೆ ಹರಿಯಲು ಹೋದವನು ಸುಮ್ಮನಾದೆ. ತಪ್ಪು ಬರೆದರೆ ಕೆರೆದು ತೆಗೆಯಬಾರದು, ಮೇಲೆ ಒಂದೇ ಗೆರೆ ಎಳೆದು, ಕೆಳಗಿನದು ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು ಎಂದು ನನಗೆ ಕಲಿಸಿದ್ದು ಅವರೇ. ಆದ್ದರಿಂದ ಆ ಮಳೆ ಅಲ್ಲೇ ಇರಲಿ.

ಅವರು ತೀರಿಕೊಂಡು ತಿಂಗಳಾಗುತ್ತ ಬಂತು. ಸಾರನಾಥದ ಬಾಡಿಗೆ ಮನೆಯಲ್ಲಿ, ಮಧ್ಯಾಹ್ನದ ಊಟವಾದ ಮೇಲೆ, ಕುರ್ಚಿಯಲ್ಲಿ ಕುಳಿತಲ್ಲೇ. ಈ ಊರಿನ ಕನ್ನಡದವರು ಸೇರಿ ಒಂದು ನೆನಪಿನ ಪುಸ್ತಕ ತರುತ್ತಿದ್ದಾರೆ, ನಾಲ್ಕು ಪುಟ ಬರೆದುಕೊಡಿ ಎಂದರು. ಹುಟ್ಟಿದ ಊರು, ಓದು, ನೌಕರಿ, ಸದ್ಗುಣ ಎಂಬ ಕ್ರಮದಲ್ಲಿ ಬರೆಯಲು ನನ್ನಿಂದಾಗದು. ಅವರ ಬದುಕಿನಲ್ಲಿ ನನಗೆ ಹತ್ತಿರದಿಂದ ಗೊತ್ತಿರುವುದು ಒಂಬತ್ತು ದಿನ ಮಾತ್ರ. ಆ ಒಂಬತ್ತು ದಿನ ಅವರು ನಮ್ಮ ಮನೆಯ ಮೆಟ್ಟಿಲು ಹತ್ತಿದರು, ಇಳಿದರು.

ಧಾರವಾಡದ ಕಡೆಯವರು. ಸರ್ಕಾರದ ಲೆಕ್ಕ ತಪಾಸಣೆಯ ಕಚೇರಿಯಲ್ಲಿ ಸರ್ವೀಸು ಮುಗಿಸಿ, ಸಾರನಾಥದ ಒಂದು ಸಂಸ್ಥೆಯಲ್ಲಿ ಹಳೆಯ ಹಸ್ತಪ್ರತಿ ಓದುತ್ತಿದ್ದ ಗಂಡನ ಬಳಿ ಬಂದರು. ಗಂಡ ಹೋದ ಮೇಲೂ ಹಿಂದಿರುಗಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದೆ. "ಊರಾಗ ಎಲ್ಲಾರಿಗೂ ನಾ ಆಡಿಟ್‌ನಾಕಿ ಅಂತ ಗೊತ್ತದ. ಅವರ ಮನಿಗೆ ಹೋದ್ರ ಚಾ ಕೊಡೂಕಿಂತ ಮೊದಲ ಕಪಾಟಿಗೆ ಕೀಲಿ ಹಾಕತಾರ," ಎಂದಿದ್ದರು. ಆದರೆ ಇಲ್ಲಿಯೂ ಗುಟ್ಟು ಉಳಿಯಲಿಲ್ಲ. ಪಾಲುದಾರರ, ಅಣ್ಣತಮ್ಮಂದಿರ, ಟ್ರಸ್ಟುಗಳ ಲೆಕ್ಕದ ಜಗಳ ಕೋರ್ಟು ಹತ್ತುವ ಮೊದಲು ಕೂರಿಸಿ ಮಾತಾಡಿಸುವ ಮಧ್ಯಸ್ಥರ ಪಟ್ಟಿಯಲ್ಲಿ ಅವರ ಹೆಸರು ಸೇರಿತು. ಶಿವಾಲದ ಗಲ್ಲಿಗಳಲ್ಲಿ ಅವರು ಆಡಿಟ್ ಮೌಸಿಯಾದರು. ಮೌಸಿ, ಅಂದರೆ ಚಿಕ್ಕಮ್ಮ. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು. ನಾನೂ ಹಾಗೇ ಕರೆದೆ.

ಅವರದೊಂದು ಅಭ್ಯಾಸವಿತ್ತು. ಎದುರಿಗೆ ಕುಳಿತವರು ಸುಳ್ಳು ಶುರುಮಾಡಿದ್ದಾರೆ ಅನ್ನಿಸಿದರೆ ಕನ್ನಡಕ ತೆಗೆದು ಪುಸ್ತಕದ ಮೇಲೆ ಬೋರಲು ಇಡುತ್ತಿದ್ದರು. "ಚಾಳೀಸು ತಗದೇನಿ. ಈಗ ನಿಮ್ಮ ಮಾರಿ ನನಗ ಕಾಣೂದಿಲ್ಲ. ಆರಾಮ ಹೇಳ್ರಿ." ಮೊದಲ ದಿನ ನನ್ನ ಮುಂದೆ ಎರಡು ಸಲ ತೆಗೆದರು. ನಾನು ಸುಳ್ಳು ಹೇಳಿರಲಿಲ್ಲ, ಅಥವಾ ಹೇಳುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ.

ಈಗ ನಮ್ಮ ಜಗಳ ಹೇಳಬೇಕು.

ಕೇದಾರ ಘಾಟಿನ ಹತ್ತಿರ, ಶಿವಾಲದಲ್ಲಿ ನಮ್ಮ ಮನೆ. ಮುತ್ತಜ್ಜನ ಕಾಲದಿಂದ ಕರ್ನಾಟಕದ ಯಾತ್ರಿಕರನ್ನು ಇಳಿಸಿಕೊಂಡು, ಊಟ ಹಾಕಿ, ಅವರ ಹಿರಿಯರ ಶ್ರಾದ್ಧ, ಪಿಂಡದಾನ ಮಾಡಿಸುವುದು ಮನೆಯ ವೃತ್ತಿ. ಅಪ್ಪನ ನಂತರ ತಮ್ಮ ನಡೆಸುತ್ತಿದ್ದಾನೆ. ನಾನು ವಿಶ್ವವಿದ್ಯಾಲಯದಲ್ಲಿ ಗಣಿತ ಪಾಠ ಮಾಡುತ್ತೇನೆ, ಅಲ್ಲಿನ ಕ್ವಾರ್ಟರ್ಸ್‌ನಲ್ಲೇ ವಾಸ. ಅಪ್ಪ ಹೋದಾಗ ಆದ ಒಪ್ಪಂದ ಇಷ್ಟು: ಮನೆ ಇಬ್ಬರದು, ಖರ್ಚು ಕಳೆದು ತಿಂಗಳಿಗೆ ಒಂದು ಗೊತ್ತಾದ ಮೊತ್ತ ನನಗೆ, ಒಂದು ತಮ್ಮನ ಸಂಸಾರಕ್ಕೆ, ಮಿಕ್ಕದ್ದು ಮನೆ ರಿಪೇರಿಗೆಂದು ಬ್ಯಾಂಕಿಗೆ. ನನ್ನ ಪಾಲು ಒಂದು ತಿಂಗಳೂ ತಪ್ಪಿರಲಿಲ್ಲ.

ಗಂಗೆಯ ಕಡೆಯ ಗೋಡೆ ಬಿರುಕು ಬಿಟ್ಟಿತು. ಮಿಸ್ತ್ರಿ ಮುಂಗಡ ಕೇಳಿದ. ಬ್ಯಾಂಕಿನಲ್ಲಿ ನೋಡಿದರೆ ಸಿಮೆಂಟಿಗೂ ಸಾಲದಷ್ಟು ಹಣ. ನಾನು ನಾಲ್ಕು ವರ್ಷದ ಪುಸ್ತಕಗಳನ್ನು ಕ್ವಾರ್ಟರ್ಸಿಗೆ ಒಯ್ದು ಎರಡು ದಿನ ಕೂಡಿಸಿದೆ. ಯಾವ ಯಾತ್ರಿಕರು, ಯಾರ ಶ್ರಾದ್ಧ, ಎಷ್ಟು ಹಣ, ಎಲ್ಲ ತಮ್ಮನ ದುಂಡು ಅಕ್ಷರದಲ್ಲಿತ್ತು. ಪುಸ್ತಕದ ಪ್ರಕಾರ ಇರಬೇಕಾದ ಹಣಕ್ಕೂ ಇದ್ದ ಹಣಕ್ಕೂ ಹನ್ನೊಂದು ಲಕ್ಷದಷ್ಟು ವ್ಯತ್ಯಾಸ. ತಮ್ಮನನ್ನು ಕೇಳಿದೆ. "ಲೆಕ್ಕ ಸರಿಯಾಗೇ ಇದೆ ಅಣ್ಣಾ," ಎಂದ. ಮತ್ತೆ ಮತ್ತೆ ಕೇಳಿದರೂ ಅದೇ. ಅವನ ಹೆಂಡತಿಯ ಎದುರು, ಊಟಕ್ಕೆ ಕುಳಿತಾಗ, ನಾನು ಅವನನ್ನು ಕಳ್ಳ ಎಂದೆ.

ಕಳ್ಳನೆಂದು ಕೋರ್ಟಿನ ಕಾಗದದಲ್ಲಿ ಬಂದವನ ಕೈಯಿಂದ ಯಾರೂ ತಮ್ಮ ತಂದೆಯ ಪಿಂಡ ಇಡಿಸುವುದಿಲ್ಲ. ಅವನಿಗೆ ಬೇರೆ ಕೆಲಸ ಬಾರದು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ವಕೀಲರ ಬಳಿ ಹೋದೆ. ಅವರು ಫೈಲನ್ನು ಹಿಂದಕ್ಕೆ ತಳ್ಳಿ, "ಪ್ರೊಫೆಸರ್ ಸಾಹೇಬ್, ಈ ಮುಕದ್ದಮೆಯ ತೀರ್ಪು ನಿಮ್ಮ ಮೊಮ್ಮಕ್ಕಳು ಕೇಳ್ತಾರೆ," ಎಂದರು ಹಿಂದಿಯಲ್ಲಿ. "ಈಗ ಕೋರ್ಟೇ ಮೊದಲು ಮಧ್ಯಸ್ಥಿಕೆಗೆ ಹೋಗಿ ಬನ್ನಿ ಅಂತ ಕಳಿಸುತ್ತೆ. ನೀವೇ ಹೋದರೆ ಅಷ್ಟು ವರ್ಷ ಉಳೀತು. ನಿಮ್ಮ ಭಾಷೆಯವರೇ ಒಬ್ಬರಿದ್ದಾರೆ. ಬುಢಿಯಾ ಬಹಳ ತೇಜ್."

ಆ ಮುದುಕಿ ಎಷ್ಟು ತೇಜ್, ಎಷ್ಟು ಚುರುಕು ಎಂಬುದಕ್ಕೆ ವಕೀಲರೇ ಒಂದು ಕಥೆ ಹೇಳಿದರು. ರೇಷ್ಮೆ ಸೀರೆಯ ಇಬ್ಬರು ಪಾಲುದಾರರ ಜಗಳ. ಒಬ್ಬನು ಮೂರು ವರ್ಷದ ಖರೀದಿ ಲೆಕ್ಕವನ್ನು ಕಂಪ್ಯೂಟರಿನಿಂದ ಅಚ್ಚುಹಾಕಿಸಿ ತಂದಿದ್ದನಂತೆ; ಒಂದು ಪೈಸೆ ಹೆಚ್ಚುಕಡಿಮೆ ಇಲ್ಲ. ಮೌಸಿ ಲೆಕ್ಕವನ್ನು ಮುಟ್ಟಲೇ ಇಲ್ಲ. ಪ್ರತಿಯೊಂದು ಸಾಲನ್ನು ಯಂತ್ರದಲ್ಲಿ ಯಾವಾಗ ತುಂಬಿದ್ದೆಂದು ಯಂತ್ರವೇ ಬರೆದಿಟ್ಟುಕೊಳ್ಳುವ ಪಟ್ಟಿ ಕೇಳಿದರು. ಎಲ್ಲವೂ ಒಂದೇ ದಿನ. "ಮೂರು ವರ್ಷದ ರೇಷ್ಮೆ ಒಂದೇ ಮಧ್ಯಾಹ್ನ ಕೊಂಡಿದೀರಿ, ನಡುವೆ ಊಟ ಮಾಡಿದ್ರಾ?" ಎಂದು ಕೇಳಿದರಂತೆ.

ಈ ಕಥೆ ನಿಜವೇ ಎಂದು ಆಮೇಲೆ ಮೌಸಿಯನ್ನೇ ಕೇಳಿದೆ. "ಯಾವ ಸೀರಿ? ನಾ ಕಾಟನ್ ಉಡಾಕಿ," ಎಂದರು. ಒಂದು ಮನೆಯ ಮಾತು ಇನ್ನೊಂದು ಮನೆಗೆ ಅವರ ಬಾಯಿಂದ ಹೋದದ್ದನ್ನು ನಾನು ಕಾಣೆ. ಕಸುಬಿನ ಬಗ್ಗೆ ಮಾತ್ರ ಧಾರಾಳವಾಗಿ ಹೇಳುತ್ತಿದ್ದರು. "ಮೊದಲ ಸುಳ್ಳ ಲೆಕ್ಕ ಬರಿಯಾಕ ಕೈ ನೋಯತಿತ್ತು. ಶಾಯಿ ಬದಲಾಗತಿತ್ತು, ಅಕ್ಷರ ಸೊಟ್ಟ ಆಗತಿತ್ತು. ಈಗ ಬಟ್ಟಿನ ತುದೀಲೆ ಆಗತದ. ಹಣ ಹಾಕೇನಿ ಅಂತ ಫೋನಿನಾಗ ಚಿತ್ರ ತೋರಸತಾರ, ಆ ಚಿತ್ರಾನೂ ಅವರ ಮಾಡಿರತಾರ. ಅದಕ್ಕ ನಾ ಹಣದ ಹಿಂದ ಹೋಗೂದು ಬಿಟ್ಟೇನಿ. ಹಣದ ಜೋಡಿ ಮತ್ತೇನೇನು ಓಡ್ಯಾಡತದ ನೋಡ್ರಿ, ಅದನ್ನ ಹಿಡೀತೇನಿ."

ನಮ್ಮ ಮನೆಯಲ್ಲಿ ಅವರು ಹಿಡಿದದ್ದು ಊಟದ ಎಲೆ.

ಮನೆಗೆ ಬಂದ ಮೌಸಿಗೆ ನಾನು ಪುಸ್ತಕಗಳ ಗಂಟು ಕೊಟ್ಟೆ. ನನ್ನ ಕೂಡುಲೆಕ್ಕದ ಹಾಳೆಗಳನ್ನೂ, ಹೆಮ್ಮೆಯಿಂದಲೇ, ಕೊಟ್ಟೆ. ಅವರು ಪಕ್ಕಕ್ಕಿಟ್ಟು, "ಮಾಸ್ತರ್ರ, ಮೊದಲ ಅಡಿಗಿಮನಿ ತೋರಸ್ರಿ," ಎಂದರು. ಪುಸ್ತಕದಲ್ಲಿ ಎಷ್ಟು ಜನ ಯಾತ್ರಿಕರಿದ್ದಾರೆ ಎಂದು ನೋಡುವ ಮೊದಲು ನಿಜವಾಗಿ ಎಷ್ಟು ಜನ ಉಂಡಿದ್ದಾರೆ ಎಂದು ತಿಳಿಯಬೇಕಿತ್ತು ಅವರಿಗೆ. ಪತ್ತಲ್, ಅಂದರೆ ಮುತ್ತುಗದ ಎಲೆ, ಮಾರುವವನ ನೋಟುಬುಕ್ಕು, ಹಾಲಿನವನ ಗೋಡೆಯ ಮೇಲಿನ ಸೀಮೆಸುಣ್ಣದ ಗೆರೆ, ಗ್ಯಾಸ್ ಸಿಲಿಂಡರಿನ ಚೀಟಿ. ಇವುಗಳ ಹಿಂದೆ ಮೂರು ದಿನ ತಿರುಗಿದರು, ಮೇ ತಿಂಗಳ ಬಿಸಿಲಲ್ಲಿ, ಆ ಕೊಡೆ ಹಿಡಿದು. ಸಾರನಾಥದಿಂದ ಬರುವ ಆಟೋದವನೊಡನೆ ದಿನವೂ ಹತ್ತು ರೂಪಾಯಿಗಾಗಿ ಜಗಳ. ಮಧ್ಯಾಹ್ನ ಡಬ್ಬಿಯ ಅವಲಕ್ಕಿ ತಿಂದು ನೆಲದ ಮೇಲೆ ಇಪ್ಪತ್ತು ನಿಮಿಷ ಗೊರಕೆ ಹೊಡೆದು ನಿದ್ದೆ. ಕಕ್ಷಿದಾರರ ಮನೆಯಲ್ಲಿ ಚಹಾ ಬಿಟ್ಟು ಏನೂ ಮುಟ್ಟುತ್ತಿರಲಿಲ್ಲ. ನನ್ನ ನಾದಿನಿಯ ಚಕ್ಕುಲಿಯ ವಿಷಯದಲ್ಲಿ ಮಾತ್ರ ಆ ನಿಯಮ ಎರಡನೆಯ ದಿನವೇ ಮುರಿಯಿತು.

ನಾದಿನಿ ಎಂದು ಬರೆದಿದ್ದೇನೆ. ತಮ್ಮನ ಹೆಂಡತಿ ಎಂದಾಗಬೇಕು. ಆಗ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು. ಅವಳ ಚಕ್ಕುಲಿಯ ವಿಷಯ ನನಗೆ ಗೊತ್ತಾದದ್ದು ಮೌಸಿಯ ಸೀರೆಯ ಮೇಲೆ ಬಿದ್ದಿದ್ದ ಪುಡಿಯಿಂದ.

ನಾಲ್ಕನೆಯ ದಿನ ನನ್ನನ್ನು ಮೇಲಿನ ಕೋಣೆಗೆ ಕರೆದರು. ಮೊದಲ ದಿನವೇ ಮನೆಯನ್ನು ಅವರು ಹಂಚಿದ್ದರು: ನಾನು ಮೇಲೆ, ತಮ್ಮ ಕೆಳಗೆ, ನಡುವೆ ಹತ್ತೊಂಬತ್ತು ಮೆಟ್ಟಿಲು. ಇಬ್ಬರೂ ಎದುರುಬದುರು ಕೂರುವಂತಿಲ್ಲ. ಒಬ್ಬರು ಗುಟ್ಟಾಗಿ ಹೇಳಿದ್ದು, ಹೇಳಿದವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ತಲುಪುವಂತಿಲ್ಲ. ಮೊಣಕಾಲು ಊದಿಕೊಂಡ ಎಪ್ಪತ್ತರ ಹೆಂಗಸು ಹತ್ತಿ ಇಳಿಯಬೇಕು, ನಾವು ಕೂತಿರಬೇಕು.

"ಎಲಿ ಲೆಕ್ಕ ಆತು," ಎಂದರು. "ಉಂಡವರೆಲ್ಲಾ ಪುಸ್ತಕದಾಗ ಇದ್ದಾರ. ಒಂದು ಮನಿತನಾನೂ ಬಿಟ್ಟಿಲ್ಲ."

"ಹಾಗಾದರೆ ಆದಾಯ ಪುಸ್ತಕದಲ್ಲಿರುವಷ್ಟೇ ಬಂದಿದೆ. ಹಣ ಎಲ್ಲಿ?"

"ತಡೀರಿ. ನಾ ಕಳ್ಳರನ್ನ ಭಾಳ ನೋಡೇನಿ. ಕಳ್ಳ ಆದಾವ ಪುಸ್ತಕದಾಗ ಕಡಿಮಿ ಬರೀತಾನ. ಹತ್ತು ಬಂದ್ರ ಆರು ಬರದು ನಾಕು ಕಿಸೇಕ್ಕ ಹಾಕೋತಾನ. ನಿಮ್ಮ ತಮ್ಮಾ ಬ್ಯಾಂಕಿನಾಗ ಇದ್ದದ್ದಕ್ಕಿಂತ ಹೆಚ್ಚ ಬರದಾನ. ಹೆಚ್ಚ ಬರದು ತನ್ನ ಕುತ್ತಿಗಿ ತಾನ ಕೊಡೋ ಕಳ್ಳನ್ನ ನಾ ನನ್ನ ಸರ್ವೀಸಿನಾಗ ನೋಡಿಲ್ಲ."

ಇದು ನನಗೆ ಹೊಳೆದಿರಲಿಲ್ಲ. ಮೂವತ್ತು ವರ್ಷ ಗಣಿತ ಪಾಠ ಮಾಡಿದವನಿಗೆ ಕೂಡುವುದು ಬಂದಿತ್ತು, ಯಾಕೆ ಇಷ್ಟು ಎಂದು ಕೇಳುವುದು ಬಂದಿರಲಿಲ್ಲ. "ಅವನು ದಡ್ಡ," ಎಂದೆ. ಮೌಸಿ ಕನ್ನಡಕ ತೆಗೆದಿಟ್ಟರು.

ಐದು, ಆರು, ಏಳನೆಯ ದಿನಗಳು ನನ್ನ ನೆನಪಿನಲ್ಲಿ ಕಲಸಿಹೋಗಿವೆ. ಬ್ಯಾಂಕಿನ ಹಾಳೆಗಳನ್ನು ಅವರು ನೆಲದ ಮೇಲೆ ಹರಡಿಕೊಂಡು ಕುಳಿತಿದ್ದು ಕಾಣುತ್ತದೆ. ರಾಯಚೂರಿನ ಯಾರೋ ಆಷಾಢದಲ್ಲಿ ಐನೂರು ರೂಪಾಯಿ ಫೋನಿನಿಂದ ಹಾಕಿದ್ದಾರೆ, ಕಾರ್ತಿಕದಲ್ಲಿ ಇನ್ನೊಂದು ಐನೂರು. ಅಂಥ ಚೂರುಪಾರು ಸಾಲುಗಳಿಗೆ ಪೆನ್ಸಿಲಿನಿಂದ ಸಣ್ಣ ಚುಕ್ಕೆ ಇಡುತ್ತಿದ್ದರು. ಕೆಳಗೆ ಹೋಗಿ ತಮ್ಮನೊಡನೆ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಾತಾಡಿದ್ದು ಆ ಮೂರರಲ್ಲೊಂದು ದಿನ. ಮೇಲೆ ಬಂದವರು ಗೋಡೆಗೊರಗಿ ಮೊಣಕಾಲು ಉಜ್ಜಿಕೊಳ್ಳುತ್ತ ಕುಳಿತರು. "ಏನಂದ?" ಎಂದು ಕೇಳಿದೆ. "ಚಕ್ಕುಲಿ ಮುಗದಾವಂತ," ಎಂದರು.

ಎಂಟನೆಯ ದಿನ ಅಪ್ಪನ ಕಾಲದ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಸಾಲಾಗಿ ಇಟ್ಟಿದ್ದರು.

"ನಿಮ್ಮಪ್ಪಾರು ಬಾಕಿ ಬರೀತಿದ್ರೇನು? ಇಂಥಾವರು ಇಷ್ಟು ಕೊಡೂದದ ಅಂತ?"

"ಬರೀತಿದ್ರು. ಕೆಂಪು ಶಾಯಿಯಲ್ಲಿ. ನನಗೆ ಚೆನ್ನಾಗಿ ನೆನಪಿದೆ, ಮೌಸಿ. ಕೆಂಪು ಶಾಯಿಯ ದೌತಿ ಬೇರೆಯೇ ಇರ್ತಿತ್ತು."

"ತೋರಸ್ರಿ."

ಮಧ್ಯಾಹ್ನದವರೆಗೆ ಹುಡುಕಿದೆ. ಕಪ್ಪು ಇತ್ತು, ನೀಲಿ ಇತ್ತು, ಒಂದು ವರ್ಷ ಹಸಿರೂ ಇತ್ತು. ಕೆಂಪು ಎಲ್ಲೂ ಇಲ್ಲ. ಅಪ್ಪ ಬರೆದ ಅಷ್ಟೂ ವರ್ಷಗಳಲ್ಲಿ ಬಾಕಿ ಎಂಬ ಒಂದೇ ಒಂದು ನಮೂದೂ ಇರಲಿಲ್ಲ. ಆ ಕೆಂಪು ಶಾಯಿ ನನ್ನ ಶಾಲೆಯ ಮೇಷ್ಟರದೋ, ರೇಷನ್ ಅಂಗಡಿಯವನದೋ ಇದ್ದಿರಬೇಕು. ಇವತ್ತಿಗೂ ಕಣ್ಣು ಮುಚ್ಚಿದರೆ ಅಪ್ಪ ಕೆಂಪು ದೌತಿಯಲ್ಲಿ ಲೇಖನಿ ಅದ್ದುವುದು ಕಾಣುತ್ತದೆ. ಇಲ್ಲದ ಆ ದೌತಿಯ ಮೇಲೆ ನಾನು ತಮ್ಮನ ಮೇಲಿನ ಇಡೀ ಆರೋಪವನ್ನು ಕಟ್ಟಿದ್ದೆ: ಬಾಕಿ ಇದ್ದರೆ ಬಾಕಿ ಎಂದು ಬರೆದಿರುತ್ತಿದ್ದ, ಬರೆದಿಲ್ಲ, ಆದ್ದರಿಂದ ಹಣ ಬಂದಿದೆ.

ಮೌಸಿ ಬೈಯಲಿಲ್ಲ. ಹತ್ತು ಹೆಸರು, ಹತ್ತು ನಂಬರು ಬರೆದ ಚೀಟಿ ಕೊಟ್ಟರು. "ಈ ಹೆಸರು ನಿಮ್ಮ ಪುಸ್ತಕದಾಗಿನ್ನೂವು, ಬ್ಯಾಂಕಿನ ಹಾಳ್ಯಾಗಿನ್ನೂವು. ಯಾರ ಬಾಯಿಂದಾನೂ ಬಂದಿದ್ದಲ್ಲ, ತಿಳೀತಿಲ್ಲೋ? ಫೋನ್ ಮಾಡ್ರಿ. ರೊಕ್ಕದ ಮಾತು ತಗೀಬ್ಯಾಡ್ರಿ. ಕಾರ್ಯ ನೆಟ್ಟಗ ಆತೋ ಇಲ್ಲೋ ಅಂತ ಅಷ್ಟ ಕೇಳ್ರಿ."

ಮೊದಲ ಕರೆ ಕೊಪ್ಪಳದ ಕಡೆಯ ಒಬ್ಬ ಹೆಂಗಸಿಗೆ. ಹಿಂದೆ ಹೊಲಿಗೆ ಯಂತ್ರದ ಸದ್ದು. ನಾನು ಕಾಶಿಯ ಪುರೋಹಿತರ ಅಣ್ಣ, ನಿಮ್ಮ ಮಾವನವರ ಕಾರ್ಯ ಸರಿಯಾಗಿ ಆಯಿತೇ ಎಂದು ಕೇಳಿದೆನೋ ಇಲ್ಲವೋ, ಯಂತ್ರ ನಿಂತಿತು.

"ಅಯ್ಯ ಅಣ್ಣಾರ, ಚಲೋ ಆಗೈತ್ರೀ. ನಿಮ್ಮ ತಮ್ಮಾರು ದೇವರಂಥೋರು. ಇನ್ನ ಆರು ಸಾವಿರ ಕೊಡೋದೈತ್ರಿ, ಮರ್ತಿಲ್ರಿ. ಶಾಲಿ ಯೂನಿಫಾರ್ಮ್ ಬಂದಾವು, ಹೊಲದು ಕೊಟ್ಟ ಕೂಡ್ಲೇ ಹಾಕ್ತೀನ್ರಿ. ಅವ್ರು ಒಂದಿನಾನೂ ಕೇಳಿಲ್ರಿ. ನೀವು ಕೇಳಾಕ ಮಾಡಿದ್ರೇನ್ರಿ?"

"ಇಲ್ಲಮ್ಮ, ಇಲ್ಲ," ಎಂದೆ.

ಎರಡನೆಯದು ತಿಪಟೂರಿನ ನಿವೃತ್ತ ಬಸ್ ಕಂಡಕ್ಟರ್. "ಸಾರ್, ಅಲ್ಲಿ ನೆಟ್ ಬರ್ಲಿಲ್ಲ ಸಾರ್, ಊರಿಗೆ ಹೋಗಿ ಹಾಕ್ತೀನಿ ಅಂದಿದ್ದೆ. ಮರ್ತೇಹೋಗಿತ್ತು ಸಾರ್. ನಮ್ಮಮ್ಮಂಗೆ ಏನೂ ತೊಂದ್ರೆ ಆಗಲ್ಲ ಅಲ್ವಾ ಸಾರ್?" ಸತ್ತುಹೋದ ತಾಯಿಯ ಬಗ್ಗೆ ಕೇಳುತ್ತಿದ್ದ. ಮೂರನೆಯವರು ಫೋನೆತ್ತಿ ನನ್ನ ಪರಿಚಯ ಕೇಳಿದ ಕೂಡಲೇ ಅಳಲು ಶುರುಮಾಡಿದರು. ನಾಲ್ಕನೆಯ ಕರೆ ನಾನು ಮಾಡಲಿಲ್ಲ.

"ಬಂದಿಲ್ಲದ್ದನ್ನ ಬಂದಿದೆ ಅಂತ ಯಾಕೆ ಬರೆದ, ಮೌಸಿ?"

"ಪುರೋಹಿತರ ಮಗಾ ನೀವು. ನನಗ ಕೇಳತೀರಿ?"

ಹೌದು, ನಾನು ಪುರೋಹಿತರ ಮಗ. ಶ್ರಾದ್ಧದ ಮುಂದೆ ಬಾಕಿ ಎಂದು ಬರೆಯಬಾರದು. ಬರೆದರೆ ಕಾರ್ಯ ಮುಗಿಯಲಿಲ್ಲವೆಂದು ಅರ್ಥ. ಸತ್ತವರು ಎಲ್ಲಿಗೂ ತಲುಪದೆ ನಿಲ್ಲುತ್ತಾರೆ. ಅದಕ್ಕಾಗಿ ನಮ್ಮ ಮನೆಯಲ್ಲಿ ಒಪ್ಪಿದ ಮೊತ್ತವನ್ನು ಅದೇ ದಿನ, ಪಿಂಡ ಗಂಗೆಗೆ ಬಿಟ್ಟು ಬಂದ ಒದ್ದೆ ಕೈಯಲ್ಲೇ, ಪೂರ್ತಿ ಬರೆದುಬಿಡುವುದು. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕೈಯಿಂದ ಕೈಗೆ ಹಣ ಕೊಡುವ ಕಾಲದಲ್ಲಿ ಎದುರಿಗೇ ನಿಂತಿದ್ದಕ್ಕಾದರೂ ಜನ ಕೊಡುತ್ತಿದ್ದರು; ಫೋನಿನಿಂದ ಹಾಕುವ ಕಾಲ ಬಂದ ಮೇಲೆ 'ಊರಿಗೆ ಹೋಗಿ ಹಾಕ್ತೀವಿ' ಎನ್ನುವುದು ಸುಲಭವಾಯಿತು. ಅಪ್ಪ ಆ ಅಂಕಣವನ್ನು ಎಂದೂ ಕೂಡಿಸಿ ನೋಡಿದವರಲ್ಲ. ಕೂಡಿಸಿದವನು ನಾನು.

ಇಷ್ಟು ತಿಳಿದ ಮೇಲೆ ಇನ್ನೊಂದು ಲೆ‌ಕ್ಕ ತಾನಾಗಿ ಎದುರಿಗೆ ಬಂತು. ಅಷ್ಟು ಹಣ ಬಂದೇ ಇಲ್ಲವೆಂದರೆ, ತಿಂಗಳು ತಪ್ಪದೆ ನನಗೆ ಬರುತ್ತಿದ್ದ ಪಾಲು ಎಲ್ಲಿಂದ ಬಂತು?

ಮೌಸಿಯನ್ನು ಕೇಳಿದೆ. ಅವರ ಮುಖದಲ್ಲಿ ಏನೋ ಬದಲಾಯಿತು ಎಂದು ಬರೆಯಲು ಕೈ ಹೋಗುತ್ತದೆ; ಅದು ನಾನು ಆಮೇಲೆ ಸೇರಿಸಿದ್ದೂ ಇರಬಹುದು. ಅವರು ಹೇಳಿದ ಮಾತು ಮಾತ್ರ ನಿಜ.

"ಅದನ್ನ ನನಗ ಕೇಳಬ್ಯಾಡ್ರಿ. ನನಗ ಗೊತ್ತದೋ ಇಲ್ಲೋ ಅನ್ನೂದನ್ನೂ ಕೇಳಬ್ಯಾಡ್ರಿ. ಇವತ್ತ ಮುಂಜಾನಿಂದ ಆರು ಸಲ ಇಳದು ಏರೇನಿ. ಏಳನೇದ್ದು ನೀವು ಇಳೀರಿ."

ನಾನು ಇಳಿದೆ. ಅವರು ಬರಲಿಲ್ಲ.

ತಮ್ಮ ಹಜಾರದಲ್ಲಿ ಕುಳಿತು ಮರುದಿನದ ಕಾರ್ಯಕ್ಕೆ ಎಳ್ಳು ಆರಿಸುತ್ತಿದ್ದ.

"ನನಗೆ ಹಾಕ್ತಿದ್ದ ದುಡ್ಡು ಎಲ್ಲಿಂದ ತರ್ತಿದ್ದೆ?"

ಅವನು ತಟ್ಟೆಯಿಂದ ಕಣ್ಣೆತ್ತಿ ಮೆಟ್ಟಿಲ ಕಡೆ ನೋಡಿದ. "ಮೌಸಿ ಹೇಳಿದ್ರಾ?"

"ಇಲ್ಲ."

"ಕಸಮ್?"

"ಕಸಮ್ ಕಣೋ, ದೇವರಾಣೆ."

ಅವನೊಂದು ಮನೆಯ ಹೆಸರು ಹೇಳಿದ. ವಿಶ್ವನಾಥ ಗಲ್ಲಿಯ ಕಡೆಯ ಪುರೋಹಿತರು. ಯಾತ್ರಿಕರನ್ನು ಕಿತ್ತುಕೊಂಡರೆಂದು ಅಪ್ಪ ಸಾಯುವವರೆಗೂ ಮಾತಾಡಿಸದಿದ್ದ ಮನೆ. "ದಿನಾ ಬೆಳಗ್ಗೆ ಬೇಗ ಹೋಗಿ ಅವರ ಯಾತ್ರಿಕರಿಗೆ ಸಂಕಲ್ಪ ಹೇಳಿಸ್ತೀನಿ. ದಿಹಾಡಿ. ಏಳಕ್ಕೆಲ್ಲ ವಾಪಸ್ ಬಂದು ನಮ್ಮವರ ಕಾರ್ಯ."

ದಿಹಾಡಿ ಎಂದರೆ ದಿನಗೂಲಿ. ನಮ್ಮ ಅಪ್ಪನ ಮಗ, ಆ ಮನೆಯಲ್ಲಿ, ದಿನಗೂಲಿಗೆ.

"ಒಂದು ಮಾತು ಹೇಳಬಾರದಿತ್ತಾ ನನಗೆ?"

"ಹೇಳಿದ್ರೆ ಯಾಕೆ ಅಂತ ಕೇಳ್ತಿದ್ದೆ. ಯಾಕೆ ಅಂದ್ರೆ ಇಂತಿಂಥವರು ಕೊಟ್ಟಿಲ್ಲ ಅನ್ನಬೇಕಿತ್ತು. ಕಾರ್ಯ ಮಾಡಿಸಿದ ಬಾಯಲ್ಲಿ ಅದನ್ನ ಹೇಗೆ ಅನ್ನಲಿ, ಅಣ್ಣಾ? ಅಷ್ಟೂ ಮನೆಯ ಅಪ್ಪ ಅಮ್ಮಂದಿರು..."

"ಕಳ್ಳ ಅನ್ನಿಸಿಕೊಂಡ್ಯಲ್ಲೋ!"

"ಅದು ನನ್ನೊಬ್ಬನಿಗೆ ತಾನೇ."

ಮತ್ತೆ ಎಳ್ಳಿನಲ್ಲಿ ಕಲ್ಲು ಹುಡುಕತೊಡಗಿದ.

ಆ ದಿನ ಮೌಸಿ ಆರು ಸಲ ಇಳಿದದ್ದು ಯಾಕೆಂದು ತಮ್ಮನಿಂದ ಆಮೇಲೆ ತಿಳಿಯಿತು. ಗುಟ್ಟನ್ನು ಅವನು ಹಿಂದೆಯೇ ಅವರಿಗೆ ಹೇಳಿದ್ದ, ಅಣ್ಣನಿಗೆ ಹೇಳಕೂಡದೆಂದಿದ್ದ. "ಪ್ರತಿ ಸಲ ಬಂದು ಒಂದೇ ಮಾತು: ಹೇಳಲೇನು? ನಾನು ಬೇಡ ಮೌಸಿ ಅಂತಿದ್ದೆ. ಹಂಗಾರ ಚಾ ಆದ್ರೂ ಕೊಡು ಅಂತಿದ್ರು." ಆ ಒಂದು ಮಾತು ಮೇಲೆ ಬಂದು ಉಸುರಿದ್ದರೆ ಜಗಳ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಯಾರೂ ಅವರನ್ನು ತಪ್ಪೆನ್ನುತ್ತಿರಲಿಲ್ಲ. ಅವರು ಹೇಳಲಿಲ್ಲ. ಕೊಟ್ಟ ಮಾತನ್ನು ಮುರಿಯದೆ ನನ್ನನ್ನು ಅಲ್ಲಿಗೆ ತಲುಪಿಸುವ ದಾರಿಯನ್ನು ಎಲೆ, ಹಾಲು, ಐನೂರು ರೂಪಾಯಿಯ ಚುಕ್ಕೆಗಳಲ್ಲಿ ಹುಡುಕಿದರು. ಕೊನೆಯ ಹೆಜ್ಜೆಯನ್ನು ನನಗೇ ಬಿಟ್ಟರು. ಈ ಊರಿನಲ್ಲಿ ಬಹಳ ವಿದ್ವಾಂಸರನ್ನು ಕಂಡಿದ್ದೇನೆ. ಇಷ್ಟು ತಾಳ್ಮೆಯ ವಿದ್ಯೆಯನ್ನು ಬೇರೆಡೆ ಕಂಡಿಲ್ಲ.

ಒಂಬತ್ತನೆಯ ದಿನ ಒಪ್ಪಂದ. ಒಂದೇ ಪುಟ, ಅವರದೇ ಕೈಬರಹ. ನನ್ನ ಮೂಲ ದೂರಿನಲ್ಲಿ ನಾಲ್ಕು ಕಡೆ ಇದ್ದ ಕಳ್ಳತನ ಎಂಬ ಪದ ಅದರಲ್ಲಿ ಎಲ್ಲೂ ಇಲ್ಲ. ಗೋಡೆ ಮುಗಿಯುವವರೆಗೆ ನನ್ನ ಪಾಲು ನಿಲ್ಲುವುದು. ತಮ್ಮ ಆ ಮನೆಯ ದಿಹಾಡಿ ಬಿಡುವುದು. ಪುಸ್ತಕದ ಪ್ರಶ್ನೆ ಉಳಿಯಿತು. ಬಾಕಿ ಎಲ್ಲಾದರೂ ದಾಖಲಾಗಲೇಬೇಕೆಂದು ಅವರು, ಸಾಧ್ಯವೇ ಇಲ್ಲವೆಂದು ತಮ್ಮ.

"ನೀ ಬರೀಬಾರದು, ಖರೆ," ಎಂದರು ಅವನಿಗೆ. ಆಮೇಲೆ ನನ್ನ ಕಡೆ ತಿರುಗಿ, "ಇವರು ಬರದ್ರ ಏನಾಗತದ? ಇವರೇನು ಜನ್ಮದಾಗ ಯಾರ ಕಾರ್ಯಾನೂ ಮಾಡಿಸಿಲ್ಲ. ವಾರಕ್ಕೊಮ್ಮೆ ಬಂದು, ಬೇರೆ ನೋಟುಬುಕ್ಕಿನ್ಯಾಗ, ಬಂದದ್ದೆಷ್ಟು ಬರೂದೆಷ್ಟು ಬರೀಲಿ. ನಿನ್ನ ಪುಸ್ತಕ ನಿಂದು."

ತಮ್ಮ ಆ ಮಾತನ್ನು ಇಡೀ ದಿನ ಹೊರಳಿಸಿ ನೋಡಿದ. ಸಂಜೆ, "ಅಣ್ಣ ಬರೆದರೆ ದೋಷ ಇಲ್ಲ ಅನ್ನಿಸತ್ತೆ," ಎಂದ. "ಹೆಂಗಿದ್ರೂ ಅವನಿಗೆ ಮಂತ್ರ ಬರಲ್ಲ."

ನನಗೆ ಇನ್ನೊಂದು ಕಲಮು ಬೇಕಿತ್ತು: ಅಣ್ಣ ತಮ್ಮನ ಕ್ಷಮೆ ಕೇಳಿದ್ದಾನೆ ಎಂದು. ಮೌಸಿ ಪೆನ್ನಿನ ಮುಚ್ಚಳ ಹಾಕಿಬಿಟ್ಟರು. "ಅದು ಬರಿಯೂದಲ್ಲ. ಬರದ್ರ ಅದು ರಸೀದಿ ಆಗತದ, ಸಹಿ ಮಾಡಿ ಮರತು ಹೋಗತೀರಿ. ಬಾಯಿಲೆ ಹೇಳ್ರಿ." ಆಮೇಲೆ ಮೌಸಿ ಫೀಸು ಎಣಿಸಿ ತೆಗೆದುಕೊಂಡರು. ಇಷ್ಟಾದ ಮೇಲೂ ಫೀಸೇ ಎಂದು ನನ್ನ ಮುಖ ಕೇಳಿರಬೇಕು. "ಪುಕ್ಕಟ ಮಾಡಿದ್ರ ನಾಳೆ ನಿಮ್ಮಿಬ್ಬರಿಗೂ ನನ್ನ ಮ್ಯಾಲೆ ಸಿಟ್ಟು ಮಾಡೂ ಹಕ್ಕು ಇರೂದಿಲ್ಲ," ಎಂದರು.

ನಾಲ್ಕು ವರ್ಷದಿಂದ ಪ್ರತಿ ಭಾನುವಾರ ಶಿವಾಲಕ್ಕೆ ಹೋಗುತ್ತೇನೆ. ತಮ್ಮ ಯಾರ ಹೆಸರನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಫೋನು ನನ್ನ ಕಡೆ ತಳ್ಳುತ್ತಾನೆ, ನಾನು ನೋಡಿ ಬರೆದುಕೊಳ್ಳುತ್ತೇನೆ. ಗೋಡೆ ಮುಕ್ಕಾಲು ಆಗಿದೆ.

ಮೊನ್ನೆ ಭಾನುವಾರ ಈ ಬರಹಕ್ಕಾಗಿ ಒಂದು ವಿವರ ಬೇಕಾಗಿತ್ತು. "ಆವತ್ತು ನಾನು ನಿನ್ನ ಕ್ಷಮೆ ಕೇಳಿದಾಗ ಮೌಸಿ ಮೇಲೇ ಇದ್ರಾ, ಇಳಿದು ಬಂದಿದ್ರಾ?" ಎಂದೆ.

ತಮ್ಮ ದರ್ಭೆ ಕಟ್ಟುತ್ತಿದ್ದ. "ನೀನು ಯಾವಾಗ ಕೇಳಿದೆ?"

"ಆವತ್ತೇ. ಎಳ್ಳು ಆರಿಸ್ತಿದ್ಯಲ್ಲ, ಆಗ."

"ಇಲ್ಲ ಅಣ್ಣಾ. ನೀನು ಎದ್ದು ಹೋಗಿ ನಲ್ಲಿ ಕೆಳಗೆ ಮುಖ ತೊಳ್ಕೊಂಡೆ. ಆಮೇಲೆ ಊಟಕ್ಕೆ ಕೂತ್ವಿ."

"ಮಾರನೇ ದಿನ?"

"ಇಲ್ಲ."

ಅವನ ದನಿಯಲ್ಲಿ ದೂರು ಇರಲಿಲ್ಲ. ಮೇ ತಿಂಗಳಲ್ಲಿ ಮಳೆ ಎಲ್ಲಿತ್ತು ಎಂದ ದನಿಯೇ. ನಾನು ಕೇಳಿದ್ದೇನೆ, ಅವನು ತಲೆಯಾಡಿಸಿದ್ದಾನೆ ಎಂದು ನಾಲ್ಕು ವರ್ಷ ನಂಬಿಕೊಂಡು ಈ ಮನೆಗೆ ಬಂದು ಉಂಡು ಹೋಗಿದ್ದೇನೆ. ನನ್ನ ಪರವಾಗಿ ಸಾಕ್ಷಿ ಹೇಳಬಹುದಾಗಿದ್ದವರು ಒಬ್ಬರೇ. ಅವರಿದ್ದಿದ್ದರೂ ಕನ್ನಡಕ ತೆಗೆದಿಡುತ್ತಿದ್ದರು.

ನೋಟುಬುಕ್ಕು ಮುಚ್ಚಿ, ಐವತ್ತೆಂಟು ವರ್ಷದವನು, ತಮ್ಮನಿಗೆ ತಪ್ಪಾಯಿತು ಎಂದು ಹೇಳಿದೆ. ಅಷ್ಟರಲ್ಲಿ ಒಳಗೆ ಕುಕ್ಕರ್ ಕೂಗಿತು.

"ಕೇಳಿಸ್ಲಿಲ್ಲ," ಎಂದ ಅವನು, ದರ್ಭೆಯಿಂದ ಮುಖವೆತ್ತದೆ. "ಇನ್ನೊಂದ್ಸಲ ಹೇಳು."

ಅವನಿಗೆ ಕೇಳಿಸಿತ್ತು. ನಾನು ಇನ್ನೊಂದು ಸಲ ಹೇಳಿದೆ.